ಹದಿನೇಳನೆಯ ಉಸಿರು

ಗೆದ್ದಲಿಗೆ ಓದು ಬರುವುದಿಲ್ಲ. ಆದರೂ ಪುಸ್ತಕವನ್ನು ಅದರಷ್ಟು ಆಳವಾಗಿ ಹೊಕ್ಕವರು ಸಿರುಗುಪ್ಪ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಕರೂರಿನ ಸಣ್ಣ ಕಾಲುವೆ ಕಮಿಟಿಯ ಪಾಳಿ ಪುಸ್ತಕವನ್ನು ಅದು ರಟ್ಟಿನಿಂದ ರಟ್ಟಿನವರೆಗೆ ಮುಗಿಸಿತ್ತು. ಕಮಿಟಿಯ ಕಾರ್ಯದರ್ಶಿ ತಿಪ್ಪೇಸ್ವಾಮಿ ಟ್ರಂಕಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದ ದಿನವೂ ಊರು ಅಂಥ ಗಾಬರಿಯೇನೂ ಆಗಲಿಲ್ಲ. ಓದು ಬಾರದ ಇನ್ನೊಂದು ಜೀವವೆಂದರೆ ಕಾಲುವೆ; ಅದು ಎಂದಿನಂತೆ ಹರಿಯುತ್ತಿತ್ತು.

ಗಾಬರಿಯಾದದ್ದು ಸಿರುಗುಪ್ಪದ ನೀರಾವರಿ ಕಚೇರಿಯಿಂದ ಕಾಗದ ಬಂದಾಗ. ಎಲ್ಲ ಕಾಲುವೆಗಳ ಪಾಳಿ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುತ್ತಾರೆ, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತಿಗೆ ನೀರು ಎಂದು ಹೆಸರು ಸಮೇತ ಕೊಡಿ, ಏರಿದ ಮೇಲೆ ಅದೇ ಕಾಯಂ ಎಂದು ಕಾಗದದಲ್ಲಿತ್ತು. ಆಗ ಊರೆಲ್ಲ ಸಾವಂತ್ರಮ್ಮನ ಮುಖ ನೋಡಿತು.

ಸಾವಂತ್ರಮ್ಮನಿಗೂ ಓದು ಬರುವುದಿಲ್ಲ. ಆದರೆ ಪಾಳಿ ಅವಳ ಬಾಯಲ್ಲಿತ್ತು. ಕಾಲುವೆಯ ನೀರು ಬಂದ ಕ್ರಮದಲ್ಲೇ ಗದ್ದೆಗಳು ಹದವಾಗುತ್ತವೆ, ಹದವಾದ ಕ್ರಮದಲ್ಲೇ ಹೆಣ್ಣಾಳುಗಳು ಭತ್ತದ ಸಸಿ ಹಚ್ಚುತ್ತಾ ಹೋಗುತ್ತಾರೆ. ಹೀಗೆ ಹೋಗುತ್ತಾ ಹೋಗುತ್ತಾ ಯಾರ ಮಡಿ ಆದ ಮೇಲೆ ಯಾರ ಮಡಿ ಎಂಬುದು ಒಂದು ಹಾಡಾಗಿತ್ತು. ಹಾಡಿನಲ್ಲಿ ಇದ್ದದ್ದು ಬರೀ ಹೆಸರು. ಆ ಹೆಸರಿನ ಅಜ್ಜಂದಿರು ಸತ್ತು ಎಷ್ಟೋ ಕಾಲವಾಗಿತ್ತು. ಮೊಮ್ಮಕ್ಕಳಿಗೆ ಅವೇ ಹೆಸರಿಟ್ಟು ಊರು ಹಾಡನ್ನು ತಿದ್ದುವ ಕಷ್ಟ ತಪ್ಪಿಸಿಕೊಂಡಿತ್ತು. ನಲವತ್ತೆರಡು ಪಾಳಿ, ಪಾಳಿಗೆ ನಾಲ್ಕು ತಾಸು. ಭಾನುವಾರ ಸಂಜೆ ಆರಕ್ಕೆ ಶುರುವಾದರೆ ಮುಂದಿನ ಭಾನುವಾರ ಸಂಜೆ ಆರಕ್ಕೆ ಮುಗಿಯುತ್ತಿತ್ತು. ಗಂಡಸರಿಗೆ ತಮ್ಮ ಪಾಳಿ ಗೊತ್ತಿತ್ತು, ಪಕ್ಕದವನ ಪಾಳಿಯಲ್ಲಿ ಎಷ್ಟು ನೀರು ಹೊಡೆಯಬಹುದು ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಪೂರ್ತಿ ಪಟ್ಟಿ ಹೆಂಗಸರ ಸೊತ್ತು.

ಆ ಹೆಂಗಸರ ಗುಂಪು ಈಗ ಇಲ್ಲ. ನಾಟಿಗೆ ಬೇರೆ ಕಡೆಯಿಂದ ಆಳುಗಳು ಟೆಂಪೋದಲ್ಲಿ ಬರುತ್ತಾರೆ, ಫೋನಿನಲ್ಲಿ ಹಾಡು ಹಚ್ಚಿಕೊಂಡು ನಾಟಿ ಮಾಡಿ ಹೋಗುತ್ತಾರೆ. ಹಳೆಯ ಗುಂಪಿನಲ್ಲಿ ಕೆಲವರು ಸತ್ತರು, ಕೆಲವರು ಮರೆತರು. ಪೂರ್ತಿ ಹಾಡು ಉಳಿದದ್ದು ಮೂರು ಬಾಯಲ್ಲಿ. ಒಂದು ಸಾವಂತ್ರಮ್ಮನದು. ಇನ್ನೊಂದು ಗುಂಪಿನ ಮೇಸ್ತ್ರಿಯಾಗಿದ್ದ ಪಾರಮ್ಮನದು. ಆಕೆ ಸೊಂಟ ಮುರಿದುಕೊಂಡು ಕುರುಗೋಡಿನ ಮಗಳ ಮನೆಯಲ್ಲಿ ಮಲಗಿದ್ದಳು. ಮೂರನೆಯದು ಗಾದೆಮ್ಮನದು. ಆ ಬಾಯಿ ಎರಡು ವರ್ಷದಿಂದ ಸಾವಂತ್ರಮ್ಮನ ಜೊತೆ ಮಾತಾಡಿರಲಿಲ್ಲ.

ಗಾದೆಮ್ಮನ ಗಂಡ ಹಾಲಸಿದ್ದಪ್ಪ. ಅವನ ಗದ್ದೆಗೂ ಸಾವಂತ್ರಮ್ಮನ ಒಂದೂವರೆ ಎಕರೆಗೂ ನಡುವೆ ಒಂದು ಬದು. ಎರಡು ವರ್ಷದ ಹಿಂದೆ ಹಾಲಸಿದ್ದಪ್ಪ ಟ್ರಾಕ್ಟರಿನಿಂದ ಆ ಬದುವಿಗೆ ಕ್ಷೌರ ಮಾಡಿದ. ಜಗಳವಾಯಿತು. ಬದು ಸಣ್ಣದಾದಷ್ಟೂ ಮಾತು ದಪ್ಪವಾಗಿ, ಕೊನೆಗೆ ಅವನು ಹೊಸದೊಂದು ವಾದ ಹೂಡಿದ: ಆ ಒಂದೂವರೆ ಎಕರೆಗೆ ಪಾಳಿಯೇ ಇಲ್ಲ, ಅವರು ನನ್ನ ಪಾಳಿಯಲ್ಲಿ ಉಳಿದ ನೀರು ಹಾಯಿಸಿಕೊಳ್ಳುತ್ತಿದ್ದರು ಅಷ್ಟೆ. ಬುಧವಾರ ಹತ್ತರಿಂದ ಎರಡು, ಹದಿನೇಳನೆಯ ಪಾಳಿ. ಹಗಲು ಹೊತ್ತಿನ ಬಂಗಾರದಂಥ ನಾಲ್ಕು ತಾಸು. ಕಂಪ್ಯೂಟರಿನಲ್ಲಿ ಆ ಪಾಳಿ ಏರದಿದ್ದರೆ ಸಾವಂತ್ರಮ್ಮನ ಭತ್ತ ಇನ್ನು ಮುಂದೆ ಹಾಲಸಿದ್ದಪ್ಪನ ಎಂಜಲು ನೀರು ಕುಡಿಯಬೇಕು.

ಹಾಡು ಹೇಳಿದರೆ ಮುಗಿಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಮುಗಿಯುವುದಿಲ್ಲ. ಹದಿನೇಳನೆಯ ಹೆಸರು ಯರ್ರಿಸ್ವಾಮಿ. ಅದು ಸಾವಂತ್ರಮ್ಮನ ಗಂಡನ ಹೆಸರು. ಗಂಡನ ಹೆಸರನ್ನು ಅವಳು ಮದುವೆಯಾದ ಮೇಲೆ ಒಮ್ಮೆಯೂ ಬಾಯಿ ಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, "ಇವರದು" ಎಂದು ಕಾರ್ಡು ಮುಂದೆ ಚಾಚಿ ಜೀವನ ಸಾಗಿಸಿದ್ದಳು. ಗುಂಪಿನ ಹೆಂಗಸರೆಲ್ಲರದೂ ಇದೇ ಪಾಡು. ಅದಕ್ಕೆ ಗುಂಪಿನಲ್ಲೇ ಒಂದು ಏರ್ಪಾಡಿತ್ತು. ಹಾಡಿನಲ್ಲಿ ಒಬ್ಬಳ ಗಂಡನ ಹೆಸರು ಬಂದರೆ ಅವಳು ಉಸಿರು ಎಳೆದುಕೊಳ್ಳಬೇಕು, ಮಗ್ಗುಲಲ್ಲಿ ಸಸಿ ಹಚ್ಚುತ್ತಿರುವವಳು ಆ ಹೆಸರು ಹೇಳಬೇಕು. ಯರ್ರಿಸ್ವಾಮಿಯನ್ನು ಗಾದೆಮ್ಮ ಹೇಳುತ್ತಿದ್ದಳು. ಮರುಕ್ಷಣವೇ ಹದಿನೆಂಟನೆಯದು, ಹಾಲಸಿದ್ದಪ್ಪ. ಗಾದೆಮ್ಮ ಉಸಿರು ಎಳೆದುಕೊಳ್ಳುತ್ತಿದ್ದಳು, ಸಾವಂತ್ರಮ್ಮ ಹೇಳುತ್ತಿದ್ದಳು. ಮೂವತ್ತು ವರ್ಷ ಹೀಗೆ ಒಬ್ಬರ ಗಂಡನನ್ನು ಒಬ್ಬರು ಬಾಯಲ್ಲಿ ಇಟ್ಟುಕೊಂಡು ಬಾಳಿದ್ದರು.

ಈ ತಕರಾರಿನ ವಿಚಾರಣೆಗೆ ನೀರಾವರಿ ಕಚೇರಿ ಕರೆದ ದಿನ ಸಾವಂತ್ರಮ್ಮ ಗಂಡನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದಳು. ಎದುರು ಬೆಂಚಿನಲ್ಲಿ ಹಾಲಸಿದ್ದಪ್ಪ, ಅವನ ಪಕ್ಕದಲ್ಲಿ ಬಳ್ಳಾರಿಯಲ್ಲಿ ವಕೀಲಿಕೆ ಮಾಡುವ ಅವನ ಅಣ್ಣನ ಮಗಳು ಶೀಲಾ. ಮೇಜಿನ ಹಿಂದೆ ಎಂಜಿನಿಯರ್ ಚಿದಾನಂದಪ್ಪ. ಬರೆದುಕೊಳ್ಳಲು ಗುಮಾಸ್ತೆ ವಿಜಯಲಕ್ಷ್ಮಿ.

"ಹೆಸರು?" ಎಂದಳು ವಿಜಯಲಕ್ಷ್ಮಿ.

"ಸಾವಂತ್ರಮ್ಮ ರೀ."

"ಗಂಡನ ಹೆಸರು?"

ಸಾವಂತ್ರಮ್ಮ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಹೊರಗೆ ಯಾರದೋ ಬುಲೆಟ್ ಗಾಡಿ ನೋಡುತ್ತಿದ್ದ. ಅವಳು ಕೆಮ್ಮಿದಳು.

"ಆಂ? ನಾನ ರೀ, ಯರ್ರಿಸ್ವಾಮಿ," ಎಂದ ಅವನು. "ನಾನ ಇಲ್ಲೇ ಅದೀನಲ್ಲ, ನನ್ನ ಕೇಳ್ರಿ."

ಇನ್ನು ಪಾಳಿ ಹೇಳಿ ಎಂದರು. ಸಾವಂತ್ರಮ್ಮ ಕುರ್ಚಿಯಿಂದ ಎದ್ದಳು. ಕೂತು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಸೊಂಟ ಸ್ವಲ್ಪ ಬಗ್ಗಬೇಕು, ಎಡಗೈಯಲ್ಲಿ ಸಸಿಯ ಕಟ್ಟು ಇದ್ದಂತೆ ಇರಬೇಕು, ಬಲಗೈ ಬೆರಳು ಊರುತ್ತಾ ಇರಬೇಕು. ನಾಟಿ ಹಚ್ಚುವವರು ಹಿಂದಕ್ಕೆ ಹೆಜ್ಜೆ ಇಡುತ್ತಾರಲ್ಲ, ಅದೂ ಬೇಕು.

"ತೂಬಿನ ಗುರುಸ್ವಾಮಿ, ಹುಣಸಿ ಹುಲುಗಪ್ಪ, ಎರಡ್ಮಡಿ ಎಲ್ಲಪ್ಪ, ಮೂಲಿಮಡಿ ಮಲ್ಲಯ್ಯ..."

ಒಂಬತ್ತನೆಯ ಹೆಸರಿಗೆ ಶೀಲಾ ಕೈ ಎತ್ತಿದಳು. "ಒಂದ್ನಿಮಿಷ. ಇದನ್ನ ನೀವು ಎಲ್ಲಿ ನೋಡಿ ಹೇಳ್ತಿದ್ದೀರಿ?"

"ನೋಡಿಲ್ಲ ರೀ. ಬಾಯಿಪಾಠ ಐತಿ."

"ಸರಿ, ಮುಂದುವರಿಸಿ."

"ತೂಬಿನ ಗುರುಸ್ವಾಮಿ, ಹುಣಸಿ ಹುಲುಗಪ್ಪ..."

"ಅದು ಆಯ್ತಮ್ಮ," ಎಂದರು ಚಿದಾನಂದಪ್ಪ. "ಹತ್ತನೇದು ಹೇಳ್ರಿ."

"ಹತ್ತನೇದು ಯಾವುದು ಅಂತ ನನಗ ಹ್ಯಾಂಗ ಗೊತ್ತಾಗತೈತ್ರಿ ಸಾಹೇಬ್ರ? ಮೊದ್ಲಿಂದ ಬಂದ್ರ ಅದು ಬರತೈತಿ."

ಎರಡನೆಯ ಸಲ ಹದಿನಾಲ್ಕರ ಹತ್ತಿರ ಚಿದಾನಂದಪ್ಪನವರ ಫೋನು ಬಂತು. ಮತ್ತೆ ತೂಬಿನ ಗುರುಸ್ವಾಮಿ. ಮೂರನೆಯ ಸಲ ಅವರೇ ಫೋನು ಆರಿಸಿ, ಫ್ಯಾನು ಸದ್ದು ಮಾಡುತ್ತದೆಂದು ಅದನ್ನೂ ಆರಿಸಿದರು. ಬೆವರುತ್ತಾ ಕೇಳಿದರು. ಹದಿನಾರು, ಬೇವಿನ ಪಂಪಾಪತಿ. ಸಾವಂತ್ರಮ್ಮ ಒಂದು ಉಸಿರು ಎಳೆದುಕೊಂಡಳು. ಹೊಂಡದ ಹಾಲಸಿದ್ದಪ್ಪ. ಅಲ್ಲಿಂದ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಕೊನೆಯ ಹೆಸರಿಗೆ ಬೆನ್ನು ಕಬ್ಬಿಣದ ಬೀರುವಿಗೆ ತಾಗಿ ನಿಂತಳು.

"ನಲವತ್ತೊಂದು," ಎಂದಳು ವಿಜಯಲಕ್ಷ್ಮಿ.

"ಇದರಾಗ ಯರ್ರಿಸ್ವಾಮಿ ಅನ್ನೋರ ಹೆಸರು ಬರಲಿಲ್ಲ, ಸರ್," ಎಂದಳು ಶೀಲಾ.

"ಅಲ್ಲಿ ನಾ ಉಸುರು ತಗಂಡೆ ನೋಡ್ರಿ," ಎಂದಳು ಸಾವಂತ್ರಮ್ಮ. "ಅದು ನಮ್ಮದು."

"ಉಸಿರು ಎಲ್ರೂ ತಗೋತಾರೆ. ಬಾಯಿಪಾಠದಾಗ ಇದ್ದರೆ ಹೇಳ್ಬೇಕಿತ್ತು. ಈಗ ಸೇರಿಸಿದರೆ ಅದು ಬಾಯಿಪಾಠ ಆಗಲ್ಲ, ಬಾಯಿಗೆ ಬಂದದ್ದು ಆಗ್ತದೆ. ಇನ್ನೊಂದು ಮಾತು, ಸರ್. ಬಾಯಿಪಾಠ ಅಂದರೇನೇ ಅರ್ಥ ತಿಳೀದೆ ಒಪ್ಪಿಸೋದು. ಇದನ್ನ ಸಾಕ್ಷಿ ಅಂತ ತಗೊಳ್ಳೋಕೆ ಬರ್ತದಾ?"

ಆ ಪದದ ಅರ್ಥವೇನು ಎಂಬುದರ ಮೇಲೆ ಕಚೇರಿಯಲ್ಲಿ ಅರ್ಧ ತಾಸು ಚರ್ಚೆ ನಡೆಯಿತು. ಇಂಥ ಚರ್ಚೆ ಅಲ್ಲಿ ಹಿಂದೆ ಎಂದೂ ನಡೆದಿರಲಿಲ್ಲ, ಆದ್ದರಿಂದ ಪಕ್ಕದ ಕೋಣೆಯವರೂ ಬಂದು ಸೇರಿದರು. ವಿಜಯಲಕ್ಷ್ಮಿ "ಮೌಖಿಕ" ಎಂದು ಬರೆಯುತ್ತೇನೆ ಎಂದಳು. ಮೌಖಿಕ ಎಂದರೆ ಮುಖ ಇದ್ದವರೆಲ್ಲ ಹೇಳಬಹುದು ಎಂದು ಒಬ್ಬರು ತೆಗೆದುಹಾಕಿದರು. "ಕಂಠಪಾಠ" ಎಂದು ಕಮಿಟಿಯ ಪರವಾಗಿ ಬಂದು ಕೂತಿದ್ದ ತಿಪ್ಪೇಸ್ವಾಮಿ ಸೂಚಿಸಿದ. ಅದು ಸ್ಟೇಜಿನ ಮೇಲೆ ಬಹುಮಾನ ಕೊಡುವಾಗ ಬಳಸುವ ಪದ, ಪಂಚೆ ಉಟ್ಟ ಬಾಯಿಪಾಠ ಎಂದು ತೀರ್ಮಾನವಾಯಿತು. "ಉರು ಹೊಡೆದದ್ದು" ಎಂಬುದನ್ನು ಚಿದಾನಂದಪ್ಪನವರೇ ಬೇಡವೆಂದರು. ಅವರು ಎಂಜಿನಿಯರಿಂಗ್ ಓದಿದ್ದೇ ಹಾಗೆ.

"ಅರ್ಥ ನನ್ನ ಕೇಳ್ರಲ್ಲ," ಎಂದಳು ಸಾವಂತ್ರಮ್ಮ. "ಬಾಯಿಗೆ ಬಂದದ್ದು ಬ್ಯಾರೆ, ಬಾಯಾಗ ಇದ್ದದ್ದು ಬ್ಯಾರೆ. ಬಂದದ್ದು ನಂದು. ಇದ್ದದ್ದು ನಂದಲ್ಲ, ನಮ್ಮತ್ತೀದು, ಅವರತ್ತೀದು. ನಾ ಇಟಗಂಡೀನಿ ಅಷ್ಟ. ತಿದ್ದಾಕ ನಾನ್ಯಾರು?"

ಶೀಲಾ ನಕ್ಕು ಕಾಗದದ ಮೇಲೆ ಏನೋ ಗೀಚಿಕೊಂಡಳು. "ಅದೇ ನಾನೂ ಹೇಳೋದು. ತಿದ್ದೋ ಹಾಗಿಲ್ಲ."

ಚಿದಾನಂದಪ್ಪ ಮಾತ್ರ ಲೆಕ್ಕ ಹಾಕುತ್ತಿದ್ದರು. ನಲವತ್ತೊಂದನ್ನು ನಾಲ್ಕರಿಂದ ಗುಣಿಸಿದರೆ ನೂರಾ ಅರವತ್ತನಾಲ್ಕು. ವಾರಕ್ಕೆ ನೂರಾ ಅರವತ್ತೆಂಟು ತಾಸು. "ನಾಲ್ಕು ತಾಸು ನೀರು ಎಲ್ಲಿಗೆ ಹೋಯ್ತು ಹಂಗಾರೆ?"

"ಸೋರಿಕಿ ರೀ ಸರ," ಎಂದ ಹಾಲಸಿದ್ದಪ್ಪ.

"ಪ್ರತಿ ಬುಧವಾರ, ಹತ್ತಕ್ಕ ಶುರುವಾಗಿ ಕರೆಕ್ಟ್ ಎರಡಕ್ಕ ನಿಲ್ಲೋ ಸೋರಿಕೆ," ಎಂದರು ಚಿದಾನಂದಪ್ಪ. ಆದರೆ ಸೋರಿಕೆ ಅಲ್ಲದಿದ್ದರೂ ಅದು ಯರ್ರಿಸ್ವಾಮಿಯದು ಎಂದು ಬರೆಯಲು ಕಾಗದವಿಲ್ಲ, ಬಾಯಿಯೂ ಇಲ್ಲ. ವಿಚಾರಣೆಯನ್ನು ಮುಂದಿನ ಗುರುವಾರಕ್ಕೆ ಹಾಕಿದರು. ಅವತ್ತು ನಮ್ಮ ಕಡೆಯಿಂದ ಗಾದೆಮ್ಮನನ್ನು ಕರೆತಂದು ಇದೇ ಪಟ್ಟಿ ಹೇಳಿಸುತ್ತೇವೆ, ಇಬ್ಬರದೂ ನಲವತ್ತೊಂದೇ ಬಂದರೆ ಮುಗಿಸಿಬಿಡಿ ಎಂದಳು ಶೀಲಾ.

ಸಾವಂತ್ರಮ್ಮ ಮರುದಿನ ಕುರುಗೋಡಿನ ಬಸ್ಸು ಹತ್ತಿದಳು. ಪಾರಮ್ಮ ಮಂಚದ ಮೇಲೆ ಮಲಗಿದ್ದಳು. ಸೊಂಟ ಹೋಗಿದ್ದರೂ ನಾಲಿಗೆಗೆ ಪೆಟ್ಟಾಗಿರಲಿಲ್ಲ.

"ಯಕ್ಕಾ, ನೀನರ ಬಂದು ಹೇಳ್ತೀಯೇನು?"

"ನನ್ನ ಮಂಚದ ಸಮೇತ ಹೊತಗಂಡು ಹೋಗ್ತೀಯೇನಲೇ? ಹೋದ್ರೂ ನನಗ ಬರಂಗಿಲ್ಲ. ಆ ಜಾಗಾ ಬಂದ್ರ ನಾನೂ ಸುಮ್ನಾಗ್ತೀನಿ. ಅದು ಗಾದೆವ್ವಂದು. ನನ್ನ ಬಾಯಾಗಿಂದ ಬಂದ್ರ ಕೇಳಿದೋರು ನೀನ ಕಲಿಸಿದಿ ಅಂತಾರ."

"ಆಕಿ ಹೇಳಂಗಿಲ್ಲ. ವಕೀಲಿ ಕೂಸು ಕುಂದ್ರಿಸಿಗಂಡು ಕಲಿಸಾಕ ಹತ್ತೈತಂತ, ಆ ಹೆಸರು ಬಿಟ್ಟು ಹೇಳು ಅಂತ."

ಪಾರಮ್ಮ ಸೂರು ನೋಡುತ್ತಾ ತುಟಿ ಆಡಿಸಿದಳು. ಹಾಡನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಾಳೆ ಎಂದು ಸಾವಂತ್ರಮ್ಮನಿಗೆ ಗೊತ್ತಾಯಿತು. ಹದಿನೇಳರ ಹತ್ತಿರ ತುಟಿ ನಿಂತಿತು, ಮತ್ತೆ ಆಡಿತು. ಪಾರಮ್ಮನ ಮುಖದ ಮೇಲೆ ಸಣ್ಣ ನಗು ಬಂತು.

"ಬಿಟ್ಟು ಹೇಳು ಅಂತ ಕಲ್ಸಾಕತ್ತೈತೇನು ಕೂಸು? ಪಾಪ, ಅದು ಗದ್ಯಾಗ ಇಳಿದಿಲ್ಲ. ಗಾದೆವ್ವಗ ಸುಳ್ಳು ಹೇಳಾಕ ಚೊಲೊ ಬರತೈತಿ. ಆದ್ರ ಹಾಡಿಗೆ ಬರಂಗಿಲ್ಲ. ನೀನು ಏನೂ ಮಾತಾಡಬ್ಯಾಡ, ಆಕಿ ಎಡಗಡಿಗೆ ಹೋಗಿ ಕುಂದ್ರು. ನಾಟಿಯಾಗ ಎಲ್ಲಿ ಇರ್ತಿದ್ದಿ, ಅಲ್ಲಿ. ಇನ್ನ ಚಾ ಕುಡದು ಹೋಗು."

ಇಷ್ಟಕ್ಕೆ ಇಷ್ಟು ದೂರ ಬಂದೆನಲ್ಲ ಎಂದುಕೊಂಡು ಸಾವಂತ್ರಮ್ಮ ವಾಪಸಾದಳು.

ಗುರುವಾರ ಗಾದೆಮ್ಮ ಇಳಕಲ್ ಸೀರೆ ಉಟ್ಟು ಬಂದಳು. ಸಾವಂತ್ರಮ್ಮ ಕೋಣೆಯ ಹಿಂಭಾಗದಲ್ಲಿ, ಬೀರುವಿಗೆ ಸ್ವಲ್ಪ ಮುಂದೆ, ಎಡಗಡೆಯ ಬೆಂಚಿನಲ್ಲಿ ಕೂತಿದ್ದಳು. ಗಾದೆಮ್ಮ ಅತ್ತ ಕಣ್ಣು ಹಾಯಿಸಿ, ಅಲ್ಲಿ ಬೆಂಚು ಮಾತ್ರ ಇದೆ ಎನ್ನುವಂತೆ ಮುಖ ತಿರುಗಿಸಿದಳು.

"ಚಿಕ್ಕಮ್ಮ, ಗಾಬರಿ ಆಗಬೇಡಿ. ನಿಧಾನಕ್ಕೆ ಹೇಳಿ," ಎಂದಳು ಶೀಲಾ.

ಗಾದೆಮ್ಮ ಮೇಜಿನ ಮುಂದೆ ನಿಂತು ಸೊಂಟ ಬಗ್ಗಿಸಿದಳು. "ತೂಬಿನ ಗುರುಸ್ವಾಮಿ, ಹುಣಸಿ ಹುಲುಗಪ್ಪ, ಎರಡ್ಮಡಿ ಎಲ್ಲಪ್ಪ..." ಬೆರಳು ಸಸಿ ಊರಿತು, ಕಾಲು ಹಿಂದಕ್ಕೆ ಬಂತು. ಚಿದಾನಂದಪ್ಪ ತಾವಾಗಿಯೇ ಎದ್ದು ಫ್ಯಾನು ಆರಿಸಿದರು. ಹದಿನಾರು, ಬೇವಿನ ಪಂಪಾಪತಿ. ಇಲ್ಲಿ ಗಾದೆಮ್ಮ ಬಾಯಿ ಬಿಗಿ ಹಿಡಿದು, ಕಲಿಸಿದ ಹಾಗೆ ಒಂದು ಹೆಸರನ್ನು ನುಂಗಿದಳು. ನುಂಗಿ ಮುಂದಕ್ಕೆ ಬಾಯಿ ತೆರೆದಳು.

ಬಾಯಿ ತೆರೆದದ್ದು ತೆರೆದೇ ಇತ್ತು. ಮುಂದಿನದು ಅವಳ ಗಂಡ.

"ಹೇಳಿ ಚಿಕ್ಕಮ್ಮ, ಹದಿನೇಳನೇದು."

"ಬರವಲ್ದು," ಎಂದಳು ಗಾದೆಮ್ಮ.

"ಏನ್ ಬರವಲ್ದು? ನಾನ ಇಲ್ಲೇ ಕುಂತೀನಲ್ಲ," ಎಂದ ಹಾಲಸಿದ್ದಪ್ಪ. "ನನ್ನ ಹೆಸರು ಹೇಳಾಕ ಏನು ಧಾಡಿ?"

"ಹೇಳಾಕ ಬಂದಿದ್ರ ಇಷ್ಟು ವರ್ಷದಾಗ ಒಮ್ಮಿಯರ ಬೈತಿದ್ದೆ," ಎಂದಳು ಗಾದೆಮ್ಮ. "ಬಾಯಿ ಮುಚಗಂಡು ಕುಂದರ್ರಿ. ತೂಬಿನ ಗುರುಸ್ವಾಮಿ, ಹುಣಸಿ ಹುಲುಗಪ್ಪ..."

ಎರಡನೆಯ ಸಲವೂ ಅಲ್ಲಿಗೇ ಬಂದು ನಿಂತಿತು. ಶೀಲಾ ಈಗ ಕುರ್ಚಿಯ ಅಂಚಿಗೆ ಬಂದಿದ್ದಳು. ಅವಳು ಪಾಠ ಕಲಿಸಿದ್ದು ಅಡುಗೆಮನೆಯಲ್ಲಿ, ಚಿಕ್ಕಮ್ಮ ರೊಟ್ಟಿ ಬಡಿಯುತ್ತಾ ಕೂತಿದ್ದಾಗ. ಅಲ್ಲಿ ಆ ಜಾಗ ಬಂದಾಗ "ನಿಮ್ಮ ಚಿಕ್ಕಪ್ಪಾರು" ಎಂದು ಗಾದೆಮ್ಮ ಸರಾಗ ದಾಟಿದ್ದಳು. ಹಾಡಿನಲ್ಲಿ ಚಿಕ್ಕಪ್ಪನಿಗೆ ಜಾಗವಿರಲಿಲ್ಲ.

ಮೂರನೆಯ ಸಲ ಗಾದೆಮ್ಮನಿಗೆ ಸಿಟ್ಟು ಬಂತು. ಇದು ಪಾಳಿಯ ಸಿಟ್ಟಲ್ಲ, ಬದುವಿನ ಸಿಟ್ಟೂ ಅಲ್ಲ. ನಾಟಿಯ ಹೆಂಗಸರಲ್ಲಿ ಒಮ್ಮೆಯೂ ತಪ್ಪದವಳು ಎಂದು ಹೆಸರಾದವಳು ನಾಲ್ಕು ಜನ ಗಂಡಸರ ಮುಂದೆ ತೊದಲುತ್ತಿದ್ದಾಳೆ. ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಈ ಸಲ ನಿಧಾನವಿಲ್ಲ. ಮೋಡ ಕವಿದ ಮಧ್ಯಾಹ್ನ ಬೇಗ ಮುಗಿಸಿ ಏಳಬೇಕು ಎನ್ನುವಾಗಿನ ಓಟ. ಹೆಸರೊಂದಕ್ಕೆ ಹೆಜ್ಜೆಯೊಂದು, ಹಿಂದಕ್ಕೆ, ಹಿಂದಕ್ಕೆ, ಮೇಜಿನಿಂದ ಬೆಂಚಿನ ಕಡೆಗೆ. ಮೂಲಿಮಡಿ ಮಲ್ಲಯ್ಯ ಹೋದ, ಬೇವಿನ ಪಂಪಾಪತಿ ಹೋದ. ಅಷ್ಟರಲ್ಲಿ ಅವಳು ಬೆಂಚಿನ ಸಮಕ್ಕೆ ಬಂದಿದ್ದಳು. ಎಡಗಡೆಯಿಂದ, ಕಿವಿಯ ಹತ್ತಿರವೇ, ಉಸಿರು ಎಳೆದುಕೊಂಡ ಸದ್ದು ಕೇಳಿಸಿತು.

"ಬದುವಿನ ಯರ್ರಿಸ್ವಾಮಿ," ಎಂದಳು ಗಾದೆಮ್ಮ.

ಹೇಳಿ ಉಸಿರು ಎಳೆದುಕೊಂಡಳು. ಬೆರಳು ಗಾಳಿಯಲ್ಲಿ ಕಾಯುತ್ತಿತ್ತು.

ಸಾವಂತ್ರಮ್ಮ ಏನೂ ಮಾತಾಡಬಾರದು ಎಂದು ಆಣೆ ಹಾಕಿಕೊಂಡು ಬಂದಿದ್ದಳು. ಪಾರಮ್ಮನೂ ಹೇಳಿದ್ದಳು. ಆದರೆ ಆಣೆ ಹಾಕಿದ್ದು ತಲೆ, ಹೇಳಿದ್ದು ಬಾಯಿ.

"ಹೊಂಡದ ಹಾಲಸಿದ್ದಪ್ಪ."

ಗಾದೆಮ್ಮ ಮುಂದೆ ಹೊರಟೇಬಿಟ್ಟಳು. ಬೀರು ತಾಗುವ ಹೊತ್ತಿಗೆ ಹಾಡು ಮುಗಿಯಿತು. ಅವಳು ತಲೆ ಎತ್ತಿ, ಗೆದ್ದ ಮುಖದಿಂದ ಎಲ್ಲರನ್ನೂ ನೋಡಿದಳು. ಏನು ಗೆದ್ದೆ ಎಂಬುದು ಶೀಲಾಳ ಮುಖ ನೋಡಿದ ಮೇಲೆ ಹೊಳೆಯಿತು.

"ನಲವತ್ತೆರಡು," ಎಂದಳು ವಿಜಯಲಕ್ಷ್ಮಿ.

"ನೂರಾ ಅರವತ್ತೆಂಟು," ಎಂದರು ಚಿದಾನಂದಪ್ಪ. ಅವರಿಗೆ ಬಹಳ ಸಮಾಧಾನವಾದಂತೆ ಕಂಡಿತು. "ಸೋರಿಕೆ ನಿಂತಿತು. ಹದಿನೇಳನೆ ಪಾಳಿ ಯರ್ರಿಸ್ವಾಮಿ, ಬುಧವಾರ ಹತ್ತರಿಂದ ಎರಡು. ಬರಕೊಳ್ಳಿ."

"ಸರ್, ಸಾಕ್ಷಿಗೆ ಎದುರಿನವರು ಹೇಳಿಕೊಟ್ಟಿದ್ದಾರೆ," ಎಂದಳು ಶೀಲಾ.

"ಹೇಳಿಕೊಟ್ಟದ್ದು ನಿಮ್ಮ ಚಿಕ್ಕಪ್ಪನ ಹೆಸರಮ್ಮ. ಅದನ್ನ ತೆಗೆದು ಹಾಕಬೇಕಾ?"

ಶೀಲಾ ಫೈಲು ಮುಚ್ಚಿದಳು. ಹಾಲಸಿದ್ದಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ, ಹೋಗುವಾಗ ಬಾಗಿಲಿಗೆ ಏನೋ ಅಂದ. ಅವನ ಹಿಂದೆ ಶೀಲಾ. ಯರ್ರಿಸ್ವಾಮಿ ಆಗಲೇ ಚಹಾದಂಗಡಿಯಲ್ಲಿದ್ದ. ತನ್ನ ಪಾಳಿ ಉಳಿದದ್ದು ಅವನಿಗೆ ಎರಡನೆಯ ಚಹಾ ಮುಗಿದ ಮೇಲೆ ಗೊತ್ತಾಯಿತು.

ಒಳಗೆ ಗಾದೆಮ್ಮ ನೆರಿಗೆ ಇಳಿಸಿಕೊಳ್ಳುತ್ತಿದ್ದಳು. ಹೆಬ್ಬೆಟ್ಟು ಒತ್ತುವುದು ಬಾಕಿಯಿತ್ತು. ವಿಜಯಲಕ್ಷ್ಮಿ ಹೇಳಿಕೆಯ ಫಾರಂ ಎಳೆದುಕೊಂಡಳು.

"ಹೆಸರು?"

"ಗಾದೆಮ್ಮ."

"ಗಂಡನ ಹೆಸರು?"

ಗಾದೆಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ನಿಂತ ಫ್ಯಾನನ್ನು ನೋಡಿದಳು. ಬೆಂಚಿನ ಕಡೆ ನೋಡಲಿಲ್ಲ.

ಸಾವಂತ್ರಮ್ಮ ಎದ್ದು ಹೊರಟಿದ್ದವಳು ನಿಂತಳು. ಕರೂರಿನ ಬಸ್ಸಿಗೆ ಹೊತ್ತಾಗಿತ್ತು. ಹಿಂದೆ ಹಾಡು ಓಡುತ್ತಿರಲಿಲ್ಲ, ಬೇವಿನ ಪಂಪಾಪತಿ ತಳ್ಳುತ್ತಿರಲಿಲ್ಲ, ಹಾಗಾಗಿ ಬಾಯಿ ತಾನಾಗಿ ತೆರೆಯಲಿಲ್ಲ. ಈ ಸಲ ಅವಳೇ ತೆರೆಯಬೇಕಾಗಿತ್ತು. ಸ್ವಲ್ಪ ಹೊತ್ತು ತೆರೆಯದೆ ಸುಖ ಅನುಭವಿಸಿದಳು.

"ಹಾಲಸಿದ್ದಪ್ಪ ಅಂತ ಬರಕೊಳ್ರಿ," ಎಂದಳು ಆಮೇಲೆ. "ಮಗ್ಗಲಕ್ಕ ಅವರ ಪಾಳಿ ಬುಧವಾರ ಎರಡರಿಂದ ಆರು ಅಂತನೂ ಬರೀರಿ. ಅವರಿಗೆ ಆಗಾಗ ಮರೆತು ಹೋಗತೈತಿ."